ಹೊನ್ನಾಳಿ ಸೀಮೆಗೆ ಸೂರ್ಯಶಕ್ತಿಯ ರೇಡಿಯೊ ಮರುಪ್ರಸಾರ ಕೇಂದ್ರ

ತುಂಗಭದ್ರೆಯ ದಡದಲ್ಲಿ ಬೇಸಾಯ ಮಾಡುವ ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ರೈತರಿಗೆ ಹೊಳೆಯ ಏರಿಳಿತವು ಹೊಸ ಸಂಗತಿಯಲ್ಲ. ಆದರೆ ಈ ಸೀಮೆಯ ಪ್ರವಾಹಕ್ಕೆ ಒಂದು ವಿಶೇಷವುಂಟು. ಅದು ಈ ಸೀಮೆಯ ಮಳೆಯಿಂದ ಬರುವುದಲ್ಲ. ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಹಿಡಿದು ಹೊಯ್ದಾಗ ತುಂಗೆಯು ಉಕ್ಕುವಳು. ಗಾಜನೂರಿನ ಅಣೆಕಟ್ಟೆಯಲ್ಲಿ ನಿಲ್ಲುವ ನೀರು ಮೂರು ಟಿ.ಎಂ.ಸಿ.ಗಿಂತ ಸ್ವಲ್ಪ ಹೆಚ್ಚು ಮಾತ್ರವಾದುದರಿಂದ, ಬಂದ ನೀರನ್ನು ಬಂದಂತೆಯೇ ಕೆಳಕ್ಕೆ ಬಿಡದೆ ಗತ್ಯಂತರವಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯವು 71 ಟಿ.ಎಂ.ಸಿ.ಗೂ ಮಿಕ್ಕು ಹಿಡಿಯಬಲ್ಲುದಾಗಿ, ಬಹುಕಾಲ ತಡೆದುಕೊಳ್ಳುವುದು. ಅದೂ ತುಂಬಿದ ವರ್ಷ ಎರಡು ಹೊಳೆಗಳ ನೀರೂ ಕೂಡ್ಲಿಯಲ್ಲಿ ಸಂಗಮಿಸಿ ಒಟ್ಟಿಗೆ ಹೊನ್ನಾಳಿಯ ಕಡೆಗೆ ನುಗ್ಗುವುದು. ಹೀಗಾಗಿ ಹೊನ್ನಾಳಿಯಲ್ಲಿ ಬರಿಯ ತುಂತುರು ಬೀಳುತ್ತಿರುವ ರಾತ್ರಿಯಲ್ಲಿಯೇ ದಡದ ಗದ್ದೆಗೆ ನೀರು ಏರಬಹುದು. ಮೋಡವನ್ನು ನೋಡಿ ಹೊಳೆಯನ್ನು ಅಳೆಯುವ ರೈತನ ಅನುಭವವು ಇಲ್ಲಿ ಕೆಲಸಕ್ಕೆ ಬಾರದು. ಮೇಲಿನಿಂದ ಬರುವ ಸುದ್ದಿಯೊಂದೇ ಆಧಾರ.

ಆ ಸುದ್ದಿಯು ಎರಡು ಗಂಟೆ ಮೊದಲು ತಲುಪಿದರೆ ದಡದ ಪಂಪ್‌ಸೆಟ್ಟಿನ ಮೋಟಾರನ್ನು ಬಿಚ್ಚಿ ಮೇಲಕ್ಕೆ ಸಾಗಿಸಬಹುದು, ಕೊಟ್ಟಿಗೆಯ ದನಗಳ ಕಣ್ಣಿಯನ್ನು ಬಿಚ್ಚಬಹುದು. ತಡವಾಗಿ ತಲುಪಿದರೆ ಎರಡೂ ಆಗದು. ವರ್ಷದ ಬಹುಪಾಲು ದಿನಗಳಲ್ಲಿ ಈ ಕೆಲಸಕ್ಕೆ ಮೊಬೈಲ್ ಫೋನು ಧಾರಾಳವಾಗಿ ಸಾಕು. ಅದನ್ನು ಅಲ್ಲಗಳೆಯುವುದು ಹಟಮಾರಿತನವಾದೀತು. ಆದರೆ ವಿದ್ಯುಚ್ಛಕ್ತಿಯ ಕಂಬಗಳು ಬಿದ್ದು, ಫೋನಿನ ಗೋಪುರದ ಬ್ಯಾಟರಿ ಇಳಿದು, ಡೀಸೆಲ್ ತರುವ ದಾರಿಯೂ ನೀರಿನಲ್ಲಿ ಮುಳುಗಿದ ಮೇಲೆ ಆ ಸಾಧನವು ಮೂಕವಾಗುವುದು. ಪೊಲೀಸರ ವೈರ್‌ಲೆಸ್ಸು ಉಂಟಾದರೂ ಅದು ಠಾಣೆಯಿಂದ ಠಾಣೆಗೆ ಮಾತಾಡುವುದೇ ವಿನಾ ಗ್ರಾಮದ ಚಾವಡಿಗೆ ಬಾರದು. ಇಂತಹ ನಾಲ್ಕೈದು ದಿನಗಳಿಗಾಗಿ ಹವ್ಯಾಸಿ ರೇಡಿಯೊ ಮರುಪ್ರಸಾರ ಕೇಂದ್ರವೊಂದನ್ನು ಈ ಸೀಮೆಯ ಗುಡ್ಡವೊಂದರ ಮೇಲೆ ಸೂರ್ಯಶಕ್ತಿಯಿಂದ ನಡೆಸುವುದು ಯುಕ್ತವಾದ ಏರ್ಪಾಡು. ಆದರೆ ಅದನ್ನು ಕಟ್ಟುವ ಕ್ರಮದಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪನ್ನು ಮೊದಲೇ ತಿಳಿಯದಿದ್ದರೆ, ಬೇಕಾದ ದಿನವೇ ಅದು ಕೈಕೊಡುವುದು.

ಹವ್ಯಾಸಿ ರೇಡಿಯೊ ಎಂಬುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟ್ ಬಲದ ಯಂತ್ರವನ್ನಿಟ್ಟು 'ಆಕಾಶವಾಣಿ' ಎಂಬ ಹೆಸರಿನಿಂದ ಪ್ರಸಾರವನ್ನಾರಂಭಿಸಿದರು. ಮನೆಯ ಒಂದು ಕೋಣೆಯಲ್ಲಿ ಹಿಡಿಸುವ ಸಾಧನದಿಂದ ಊರಿಗೆ ಊರೇ ಕೇಳುವಂತೆ ಮಾಡಬಹುದೆಂಬುದು ಆಗಲೇ ಸಿದ್ಧವಾಯಿತು. ವಿಪತ್ತಿನ ಕಾಲದಲ್ಲಿ ಹವ್ಯಾಸಿಗಳು ಏನು ಮಾಡಬಲ್ಲರೆಂಬುದಕ್ಕೆ 2001ರ ಭುಜ್ ಭೂಕಂಪವೂ 2004ರ ಡಿಸೆಂಬರಿನ ಸುನಾಮಿಯೂ ನಿದರ್ಶನಗಳು. ಸುನಾಮಿಯು ಅಂಡಮಾನಿಗೆ ಅಪ್ಪಳಿಸಿದಾಗ ಶ್ರೀಮತಿ ಭಾರತಿ ಪ್ರಸಾದರು ಹವ್ಯಾಸದ ಸಲುವಾಗಿ ತಂಡದೊಡನೆ ಪೋರ್ಟ್‌ಬ್ಲೇರಿನಲ್ಲಿಯೇ ಇದ್ದರು. ಟೆಲಿಫೋನುಗಳು ನಿಂತುಹೋದಾಗ ಅವರ ಯಂತ್ರವೇ ದ್ವೀಪದ ಸುದ್ದಿಯನ್ನು ದೇಶಕ್ಕೆ ಮುಟ್ಟಿಸಿತು. ಅವರು ಸುನಾಮಿಗಾಗಿ ಅಲ್ಲಿಗೆ ಹೋದವರಲ್ಲ, ಅದು ಬರುವುದಕ್ಕೆ ಮೊದಲೇ ಅಲ್ಲಿದ್ದವರು ಎಂಬುದನ್ನು ಗಮನಿಸತಕ್ಕದ್ದು.

ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೊವನ್ನು ಬಯಲಿನಲ್ಲಿ ನಿಂತು ಉಪಯೋಗಿಸಿದರೆ ಅದರ ಅಲೆಯು ಭೂಮಿಯ ಗುಂಡಗಿನ ಕಾರಣದಿಂದ ಸುಮಾರು 5 ಕಿಲೋಮೀಟರಿನಾಚೆಗೆ ನೆಲಕ್ಕೆ ಮರೆಯಾಗುವುದು. ತೆಂಗು ಅಡಿಕೆಯ ತೋಟಗಳು ನಡುವೆ ಬಂದರೆ ಅಷ್ಟೂ ಇಲ್ಲ. ಅದೇ ಸುತ್ತಲಿನ ನೆಲಕ್ಕಿಂತ 150 ಮೀಟರ್ ಎತ್ತರವಾದ ಗುಡ್ಡದಿಂದ ಅಲೆಯು 50 ಕಿಲೋಮೀಟರಿನವರೆಗೆ ಹರಡುವುದು. ಮರುಪ್ರಸಾರ ಕೇಂದ್ರವು ಗುಡ್ಡದ ಮೇಲೆ ಕುಳಿತು 145 ಮೆಗಾಹರ್ಟ್ಸ್ ಸುಮಾರಿನ ಒಂದು ಕಂಪನಾಂಕದಲ್ಲಿ ಕೆಳಗಿನವರ ಮಾತನ್ನು ಕೇಳಿ, ಅದಕ್ಕೆ 600 ಕಿಲೋಹರ್ಟ್ಸ್ ಅಂತರವಿರುವ ಇನ್ನೊಂದರಲ್ಲಿ ಅದೇ ಕ್ಷಣ ಗಟ್ಟಿಯಾಗಿ ಹೇಳುವುದು. ತನ್ನ ಮಾತೇ ತನ್ನ ಕಿವಿಯನ್ನು ಕಿವುಡು ಮಾಡದಂತೆ ಎರಡರ ನಡುವೆ ಲೋಹದ ಡಬ್ಬಿಗಳ ಶೋಧಕವೊಂದಿರುವುದು. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಸುಮಾರು 40 ಕಿಲೋಮೀಟರ್ ಮಾತ್ರ. ಆದಕಾರಣ ಬೆಳಗುತ್ತಿಯ ಸಮೀಪದ ತೀರ್ಥರಾಮೇಶ್ವರದ ಗುಡ್ಡ, ಬಸವಾಪಟ್ಟಣದ ಗುಡ್ಡ, ಚನ್ನಗಿರಿಯ ಬೆಟ್ಟ ಇವುಗಳಲ್ಲಿ ಯಾವುದರಿಂದ ಹೊಳೆಯ ಎರಡು ದಡಗಳೂ ಚೆನ್ನಾಗಿ ಕಾಣುವವೋ ಅದನ್ನು ಪರೀಕ್ಷಿಸಿ ಆರಿಸಬೇಕು. ದೇವಸ್ಥಾನದವರ, ಅರಣ್ಯ ಇಲಾಖೆಯವರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಒಳ್ಳೆಯದು. ಕಂಬ ನೆಟ್ಟ ಮೇಲೆ ಕೇಳುವುದು ಜಗಳಕ್ಕೆ ದಾರಿ.

ಇನ್ನು ಸೂರ್ಯಶಕ್ತಿಯ ವಿಷಯ. ಇಲ್ಲಿಯೇ ರೈತರು ತಮ್ಮ ಅನುಭವದಿಂದಲೇ ಮೋಸಹೋಗುವ ಸಂಭವವಿದೆ. 2019ರಲ್ಲಿ ಕೇಂದ್ರ ಸರ್ಕಾರದವರು ಕುಸುಮ್ ಯೋಜನೆಯನ್ನಾರಂಭಿಸಿದ ತರುವಾಯ ಸೌರ ಪಂಪ್‌ಸೆಟ್ಟುಗಳು ಹಳ್ಳಿಗಳಲ್ಲಿ ಪರಿಚಿತವಾಗಿವೆ. ಬಿಸಿಲಿದ್ದಾಗ ಪಂಪು ನಡೆಯುವುದು, ಮೋಡವಾದರೆ ನಿಲ್ಲುವುದು, ನಿಂತರೂ ಬಾಧಕವಿಲ್ಲ. ಮೋಡವಾದ ದಿನ ಬೆಳೆಗೆ ನೀರಿನ ತವಕ ಕಡಿಮೆ, ಹಿಂದಿನ ದಿನ ಎತ್ತಿದ ನೀರು ತೊಟ್ಟಿಯಲ್ಲಿ ಉಳಿದಿರುವುದು. ರೇಡಿಯೊ ಕೇಂದ್ರದ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅದರ ಅಗತ್ಯ ಬೀಳುವುದೇ ಪುಷ್ಯದ ಮೋಡ ಕವಿದು ವಾರಗಟ್ಟಲೆ ಸೂರ್ಯದರ್ಶನವಿಲ್ಲದ ದಿನಗಳಲ್ಲಿ, ಅದರಲ್ಲಿಯೂ ರಾತ್ರಿಯಲ್ಲಿ. ಸೂರ್ಯನಿಂದ ನಡೆಯುವ ಕೇಂದ್ರವನ್ನು ಸೂರ್ಯನಿಲ್ಲದ ದಿನಕ್ಕಾಗಿ ಕಟ್ಟಬೇಕಾಗಿದೆ.

ಈ ಮಾತಿಗೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ದೃಷ್ಟಾಂತವುಂಟು. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದವರು ಹವ್ಯಾಸಿಗಳಿಗಾಗಿ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋಗ್ರಾಂ ತೂಕದ ಉಪಗ್ರಹವನ್ನು ನಿರ್ಮಿಸಿದರು. ಅದು 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಆಕಾಶಕ್ಕೇರಿತು. ಭೂಮಿಯಿಂದ ಬಂದ ಮಾತನ್ನು ಹಿಡಿದು ಮರಳಿ ಭೂಮಿಗೆ ಕಳುಹಿಸುವ ಎರಡು ಯಂತ್ರಗಳು ಅದರಲ್ಲಿದ್ದವು. ಒಂದು ಭಾರತೀಯರದು, ಇನ್ನೊಂದು ಹಾಲೆಂಡಿನ ಹವ್ಯಾಸಿಯೊಬ್ಬರದು. ಅವುಗಳ ಬಲ ಕೇವಲ ಒಂದು ವ್ಯಾಟಿನಷ್ಟು. ಹೇಳುವುದಾದರೆ ಇದೂ ಸೂರ್ಯಶಕ್ತಿಯ ಮರುಪ್ರಸಾರ ಕೇಂದ್ರವೇ, ಗುಡ್ಡ ಮಾತ್ರ 600 ಕಿಲೋಮೀಟರಿಗೂ ಎತ್ತರ. ಎರಡು ವರ್ಷ ಬಾಳಲೆಂದು ಮಾಡಿದ ಅದು ಒಂಬತ್ತು ವರ್ಷ ದುಡಿಯಿತು. 2014ರ ಜುಲೈಯಲ್ಲಿ ಅದರ ಸೇವೆ ನಿಂತುದಕ್ಕೆ ಕಾರಣ ಸೌರಫಲಕವಲ್ಲ, ರೇಡಿಯೊ ಯಂತ್ರವೂ ಅಲ್ಲ, ಕೆಟ್ಟುದು ಬ್ಯಾಟರಿ. 1974ರಲ್ಲಿ ಅಮೆರಿಕದಿಂದ ಮೇಲೇರಿದ ಏಳನೆಯ ಆಸ್ಕರ್ ಎಂಬ ಹವ್ಯಾಸಿ ಉಪಗ್ರಹದ ಕಥೆ ಇದಕ್ಕಿಂತಲೂ ವಿಚಿತ್ರ. 1981ರಲ್ಲಿ ಬ್ಯಾಟರಿ ಕೆಟ್ಟು ಮೂಕವಾದ ಅದು 21 ವರ್ಷಗಳ ತರುವಾಯ, 2002ರಲ್ಲಿ, ತಾನಾಗಿಯೇ ಮತ್ತೆ ಮಾತಾಡತೊಡಗಿತು. ಆದರೆ ಬ್ಯಾಟರಿಯಿಲ್ಲದ ಕಾರಣ ಬಿಸಿಲಿನಲ್ಲಿರುವಷ್ಟು ಹೊತ್ತು ಮಾತ್ರ ಅದಕ್ಕೆ ದನಿ. ನೆರಳಿಗೆ ಹೋದೊಡನೆ ಮೌನ. ಪ್ರವಾಹದ ರಾತ್ರಿಯಲ್ಲಿ ಹೊನ್ನಾಳಿಗೆ ಅಂತಹ ಕೇಂದ್ರದಿಂದ ಪ್ರಯೋಜನವಿಲ್ಲ.

ಲೆಕ್ಕವನ್ನು ಹೀಗೆ ಮಾಡಬೇಕು. ಸಾಧಾರಣ ಕೇಂದ್ರವೊಂದು ಸುಮ್ಮನೆ ಕಿವಿಗೊಟ್ಟು ಕುಳಿತಿರುವಾಗ ಸುಮಾರು 6 ವ್ಯಾಟ್ ತೆಗೆದುಕೊಳ್ಳುವುದೆಂದಿಟ್ಟುಕೊಂಡರೆ ದಿನಕ್ಕೆ 144 ವ್ಯಾಟ್-ಗಂಟೆ ಆಯಿತು. 25 ವ್ಯಾಟ್ ಬಲದಿಂದ ಮಾತಾಡುವಾಗ ಬ್ಯಾಟರಿಯಿಂದ ಇನ್ನೂ 60 ವ್ಯಾಟ್ ಹೆಚ್ಚಾಗಿ ಹೋಗುವುದು. ಸಾಮಾನ್ಯ ದಿನಗಳಲ್ಲಿ ಅರ್ಧ ಗಂಟೆಯ ಮಾತು ಸಾಕಾದೀತು, ಒಟ್ಟು 174. ಇದನ್ನೇ ನೋಡಿ ಕಟ್ಟುವವರು 40 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯನ್ನೂ 100 ವ್ಯಾಟಿನ ಒಂದು ಫಲಕವನ್ನೂ ಇಟ್ಟು ತೃಪ್ತಿಪಡುವರು, ಏಪ್ರಿಲ್ ತಿಂಗಳಲ್ಲಿ ಎಲ್ಲವೂ ಸೊಗಸಾಗಿ ನಡೆಯುವುದು. ಪ್ರವಾಹದ ದಿನ ಆರು ಗಂಟೆ ಮಾತು ನಡೆದರೆ ಬೇಕಾದುದು 504 ವ್ಯಾಟ್-ಗಂಟೆ; ಆ ಬ್ಯಾಟರಿಯನ್ನು ಪೂರ್ತಿ ಹಿಂಡಿದರೂ ಬರುವುದು 480. ಅಂದರೆ ಒಂದು ಹಗಲು ಒಂದು ರಾತ್ರಿಯೂ ದಾಟದು. ಸೂರ್ಯನಿಲ್ಲದ ಐದು ದಿನಗಳಿಗೆ 2,500 ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕುಗ್ಗುವುದರಿಂದ 5,000ದಷ್ಟು ಸಂಗ್ರಹವಿರಬೇಕು. ಎಂದರೆ 12 ವೋಲ್ಟಿನ 150 ಆಂಪಿಯರ್-ಗಂಟೆಯ ಮೂರು ಬ್ಯಾಟರಿಗಳು. ಲಿಥಿಯಂ ಫಾಸ್ಫೇಟಿನ ಬ್ಯಾಟರಿಯಾದರೆ ಇದಕ್ಕಿಂತ ಕಡಿಮೆ ಸಾಕು, ಆದರೆ ಮೊಬಲಗು ಹೆಚ್ಚು.

ಫಲಕದ ವಿಷಯದಲ್ಲಿಯೂ ಹೀಗೆಯೇ. ಕಾರ್ಮೋಡದ ದಿನ ಒಳ್ಳೆಯ ಬಿಸಿಲಿನ ಉತ್ಪತ್ತಿಯ ಐದರಲ್ಲೊಂದು ಭಾಗವೂ ಬಾರದಿರಬಹುದು. ಅದಕ್ಕಿಂತ ಮುಖ್ಯವಾದುದು, ಬರಿದಾದ ಬ್ಯಾಟರಿ ಮರಳಿ ತುಂಬುವ ಅವಧಿ. 100 ವ್ಯಾಟಿನ ಫಲಕಕ್ಕೆ ದಿನದ ಖರ್ಚು ಕಳೆದು 2,500 ವ್ಯಾಟ್-ಗಂಟೆಯನ್ನು ತುಂಬಲು ಎರಡು ವಾರದ ಒಳ್ಳೆಯ ಬಿಸಿಲು ಬೇಕು. 400 ವ್ಯಾಟಿಗೆ ಎರಡು ಮೂರು ದಿನ ಸಾಕು. ಪುಷ್ಯದ ಪ್ರವಾಹ ಇಳಿದ ಮೇಲೆ ಆಶ್ಲೇಷೆಯು ಎರಡು ವಾರದ ಬಿಸಿಲನ್ನು ಕೊಟ್ಟು ಆಮೇಲೆ ಬರುವುದೆಂದು ಯಾವ ರೈತನೂ ನಂಬಲಾರನು. ಈ ಸೀಮೆಯ ಹಿರಿಯರು ಹಗೇವಿನಲ್ಲಿ ಜೋಳವನ್ನು ತುಂಬುವಾಗ ಸುಗ್ಗಿಯ ತಿಂಗಳ ಊಟವನ್ನು ನೋಡಿ ಅದರ ಆಳವನ್ನು ನಿರ್ಣಯಿಸಲಿಲ್ಲ. ಬ್ಯಾಟರಿಯೂ ಒಂದು ಹಗೇವೇ. ಹಣ ಕಡಿಮೆಯಾದರೆ ರೇಡಿಯೊ ಯಂತ್ರದ ಅಂದವನ್ನು ಬಿಡಬಹುದು, ಹಗೇವನ್ನು ಕಿರಿದು ಮಾಡಕೂಡದು.

ಬಲವನ್ನು ಹೆಚ್ಚಿಸುವ ಆಸೆಯೂ ಅನಾವಶ್ಯಕ. ಬಲವನ್ನು ನಾಲ್ಕರಲ್ಲೊಂದಕ್ಕೆ ಇಳಿಸಿದರೆ ಅಡ್ಡಿಯಿಲ್ಲದ ಬಯಲಿನಲ್ಲಿ ಅಲೆಯು ಮುಟ್ಟುವ ದೂರ ಅರ್ಧಕ್ಕೆ ಇಳಿಯುವುದೇ ಹೊರತು ನಾಲ್ಕರಲ್ಲೊಂದಕ್ಕಲ್ಲ. ಗುಡ್ಡದ ಎತ್ತರ ಸರಿಯಾಗಿದ್ದರೆ ಹತ್ತಿರದ ಹಳ್ಳಿಗಳವರಿಗೆ ವ್ಯತ್ಯಾಸವೇ ತಿಳಿಯದು. ಪ್ರವಾಹದ ಮೂರನೆಯ ದಿನ ಬಲವನ್ನು ತಗ್ಗಿಸುವ ಒಂದು ಗುಂಡಿ ಕೇಂದ್ರದಲ್ಲಿರಲಿ. ಮಾತಾಡುವವರೂ ಕ್ಷೇಮಸಮಾಚಾರವನ್ನು ಬಿಟ್ಟು ಹೊಳೆಯ ಮಟ್ಟ, ದಾರಿಯ ಸ್ಥಿತಿ, ಜನ ಜಾನುವಾರುಗಳ ಸಂಗತಿ ಇಷ್ಟನ್ನೇ ಹೇಳುವ ಅಭ್ಯಾಸ ಮಾಡಿಕೊಂಡರೆ ಆರು ಗಂಟೆಯ ಮಾತು ಮೂರಕ್ಕೆ ಇಳಿದೀತು. ಇದಕ್ಕೆ ಖರ್ಚೇನೂ ಇಲ್ಲ.

ಮಾತಾಡುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಪರವಾನಗಿಯಿಲ್ಲದೆ ಈ ಯಂತ್ರವನ್ನು ಮುಟ್ಟುವುದು ಅಪರಾಧ. ಮರುಪ್ರಸಾರ ಕೇಂದ್ರಕ್ಕೂ ಕೇಂದ್ರ ಸರ್ಕಾರದ ಅನುಮತಿ ಬೇಕು. ಹವ್ಯಾಸಿಯ ಪರೀಕ್ಷೆಗೆ ಹನ್ನೆರಡು ವರ್ಷ ತುಂಬಿದವರು ಕುಳಿತುಕೊಳ್ಳಬಹುದು. ಮೊದಲನೆಯ ದರ್ಜೆಗೆ ಮೋರ್ಸ್ ಸಂಕೇತವನ್ನು ಕಲಿಯಬೇಕಾಗಿಯೂ ಇಲ್ಲ. ಗೋವಿನಕೋವಿ, ಸಾಸ್ವೆಹಳ್ಳಿ, ಕುಂದೂರುಗಳಂತಹ ಊರುಗಳಿಂದ ಇಬ್ಬಿಬ್ಬರು ಯುವಕ ಯುವತಿಯರು ತೇರ್ಗಡೆಯಾದರೆ ಕೇಂದ್ರಕ್ಕೆ ಜೀವ ಬಂದಂತೆ. ಇಲ್ಲವಾದರೆ ಅದು ಅರ್ಚಕನಿಲ್ಲದ ಗುಡಿ. ಈ ಅಲೆಗಳನ್ನು ಭತ್ತ ಅಡಿಕೆಗಳ ಧಾರಣೆ ಕೇಳಲು, ವ್ಯಾಪಾರ ಕುದುರಿಸಲು ಉಪಯೋಗಿಸುವಂತಿಲ್ಲವೆಂಬುದನ್ನೂ ಮೊದಲೇ ತಿಳಿಸಿಬಿಡಬೇಕು. ಧಾರಣೆಗೆ ಫೋನು ಇದ್ದೇ ಇದೆ.

ಗುಡ್ಡದ ಮೇಲಿನ ಕಾವಲು ಸುಲಭವಲ್ಲ. ಸಿಡಿಲಿಗೆ ಭೂಸಂಪರ್ಕದ ತಾಮ್ರದ ತಂತಿ ಬೇಕು, ಕೋತಿಗಳು ತಂತಿಯನ್ನೆಳೆಯದಂತೆ ಕೊಳವೆ ಬೇಕು, ಸೀಸದ ಬ್ಯಾಟರಿಗೆ ಕಾಲಕಾಲಕ್ಕೆ ಶುದ್ಧಜಲ ಬೇಕು, ಫಲಕದ ಧೂಳನ್ನು ಒರೆಸುವವರು ಬೇಕು. ಇದನ್ನು ಒಂದು ಊರಿನ ಒಬ್ಬರ ಹೆಸರಿಗೆ ಒಪ್ಪಿಸದೆ 'ಎಲ್ಲರೂ ನೋಡಿಕೊಳ್ಳುವರು' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಕೇಂದ್ರವನ್ನು ಊರಿನವರ ವಶಕ್ಕೆ ಒಪ್ಪಿಸುವ ಮುನ್ನ ಕಟ್ಟಿದವರಿಂದ ಒಂದು ಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ಮೇ ತಿಂಗಳಲ್ಲಿ ಫಲಕಗಳಿಗೆಲ್ಲ ಟಾರ್ಪಾಲಿನ್ ಹೊದಿಸಿ ಬಿಗಿದು, ದಿನಕ್ಕೆ ಆರು ಗಂಟೆಯಂತೆ ಐದು ದಿನ ಮಾತಾಡಿಸಿ, ಐದನೆಯ ರಾತ್ರಿ ಹೊನ್ನಾಳಿಯ ಹೊಳೆಯ ದಡದಲ್ಲಿ ನಿಂತವನಿಗೆ ಕೇಂದ್ರದ ದನಿ ಕೇಳಿಸುವುದೇ ಎಂದು ನೋಡಬೇಕು. ಕೇಳಿಸದಿದ್ದರೆ ಆಷಾಢಕ್ಕೆ ಮೊದಲು ಇನ್ನೊಂದು ಬ್ಯಾಟರಿಯನ್ನು ಗುಡ್ಡಕ್ಕೆ ಹೊರಿಸಲು ಸಮಯ ಉಳಿದಿರುವುದು.