ಸಸ್ಯದ ಸ್ವಯಂರಕ್ಷಣೆಯೂ ನಮ್ಮ ಆತುರವೂ

ನಿಂತಲ್ಲಿಯೇ ನಿಲ್ಲುವುದೆಂಬ ಒಂದೇ ಕಾರಣದಿಂದ ಗಿಡವನ್ನು ನಿಸ್ಸಹಾಯವೆಂದು ಬಗೆದು, ಅದರ ರಕ್ಷಣೆಯ ಭಾರವನ್ನೆಲ್ಲ ಔಷಧದ ಡಬ್ಬಿಗೆ ಒಪ್ಪಿಸಿರುವ ಇಂದಿನ ಬೇಸಾಯವು, ಎಲೆಯ ಜೀವಕೋಶಗಳೊಳಗೆ ನಡೆಯುವ ವ್ಯಾಪಾರವನ್ನು ಒಮ್ಮೆ ಗಮನವಿಟ್ಟು ನೋಡಬೇಕಾಗಿದೆ.

ಟೊಮೇಟೊ, ಬದನೆ, ಗುಲಾಬಿಗಳ ಎಲೆಯಡಿಯಲ್ಲಿ ನವಿರಾದ ಬಲೆ ನೆಯ್ದುಕೊಂಡು ಬಾಳುವ ಎರಡು ಚುಕ್ಕೆಯ ನುಸಿಯು ಸುಮಾರು ಅರ್ಧ ಮಿಲಿಮೀಟರ್ ಉದ್ದದ ಜೀವಿ. ಸಾವಿರಕ್ಕೂ ಮಿಕ್ಕ ಸಸ್ಯಜಾತಿಗಳು ಅದಕ್ಕೆ ಆಹಾರ. ಸೂಜಿಯಂತಹ ಬಾಯಿಯನ್ನು ಚುಚ್ಚಿ ಅದು ಕೋಶದ ಸಾರವನ್ನು ಹೀರತೊಡಗಿದೊಡನೆ, ಅದರ ಜೊಲ್ಲಿನ ಪ್ರೋಟೀನುಗಳನ್ನೂ ಒಡೆದ ಕೋಶದ ಕುರುಹುಗಳನ್ನೂ ಗ್ರಹಿಸಿದ ಸಸ್ಯದಲ್ಲಿ ಕ್ಯಾಲ್ಸಿಯಂ ಅಯಾನುಗಳು ಕೋಶದೊಳಕ್ಕೆ ನುಗ್ಗಿ, ಜಾಸ್ಮೋನಿಕ್ ಆಮ್ಲವೆಂಬ ಹಾರ್ಮೋನು ಉತ್ಪನ್ನವಾಗಿ, ರಕ್ಷಣೆಯ ಜೀನುಗಳನ್ನು ಅದುವರೆಗೆ ಅದುಮಿಟ್ಟಿದ್ದ ಪ್ರೋಟೀನುಗಳು ನಾಶಹೊಂದಿ, ನುಸಿಯ ಜೀರ್ಣಶಕ್ತಿಯನ್ನು ಕುಂದಿಸುವ ದ್ರವ್ಯಗಳು ನಿರ್ಮಾಣವಾಗತೊಡಗುತ್ತವೆ. ಈ ಹಾರ್ಮೋನನ್ನು ಸಕಾಲದಲ್ಲಿ ಹೆಚ್ಚಿಸಿಕೊಳ್ಳಲಾರದ ಟೊಮೇಟೊ ಗಿಡಗಳ ಮೇಲೆ ನುಸಿಯ ಸಂತತಿ ಬಹಳವಾಗಿ ವೃದ್ಧಿಸುವುದೇ ಇದಕ್ಕೆ ಸಾಕ್ಷಿ.

ಇದಕ್ಕಿಂತಲೂ ವಿಸ್ಮಯಕರವಾದುದೊಂದಿದೆ. ನಮ್ಮ ಅಂಗಡಿಗಳಲ್ಲಿ ಡಬಲ್ ಬೀನ್ಸ್ ಎಂದು ಮಾರುವ ಅವರೆಯ ಬಂಧುವಿನ ಗಿಡಕ್ಕೆ ನುಸಿ ತಗುಲಿದಾಗ ಅದರ ಎಲೆಗಳು ಲಿನಲೂಲ್, ಮೀಥೈಲ್ ಸ್ಯಾಲಿಸಿಲೇಟ್ ಮುಂತಾದ ಗಂಧದ್ರವ್ಯಗಳನ್ನು ಗಾಳಿಗೆ ಬಿಡುವುವೆಂದೂ, ಆ ವಾಸನೆಯನ್ನು ಹಿಡಿದು ನುಸಿಯನ್ನೇ ತಿಂದು ಬದುಕುವ ಇನ್ನೊಂದು ಜಾತಿಯ ನುಸಿ ಅಲ್ಲಿಗೆ ಬರುವುದೆಂದೂ 1980ರ ದಶಕದಲ್ಲಿ ನೆದರ್ಲೆಂಡಿನ ಮಾರ್ಸೆಲ್ ಡಿಕೆ, ಮೌರಿಸ್ ಸಾಬೆಲಿಸ್ ಮೊದಲಾದವರು ಪ್ರಯೋಗಗಳಿಂದ ತೋರಿಸಿಕೊಟ್ಟರು. ಮಾತಿಲ್ಲದ ಗಿಡವು ತನ್ನ ಶತ್ರುವಿನ ಶತ್ರುವಿಗೆ ಹೀಗೆ ಕರೆಕಳುಹುವುದನ್ನು ಅರಿತ ಮೇಲೂ ಅದನ್ನು ಜಡವೆಂದು ಕಾಣುವುದು ನನಗಂತೂ ಸಾಧ್ಯವಿಲ್ಲ.

ನುಸಿಯೂ ದುರ್ಬಲವಲ್ಲ. 2011ರಲ್ಲಿ ಪ್ರಕಟವಾದ ಅದರ ಜೀನೋಮಿನಲ್ಲಿ ವಿಷವನ್ನು ನಿರ್ವಿಷಗೊಳಿಸುವ ಕಿಣ್ವಗಳ ಜೀನುಗಳು ಹೇರಳವಾಗಿ ಕಂಡುಬಂದುವು. ಸಸ್ಯವಿಷಗಳನ್ನು ಅರಗಿಸಿಕೊಳ್ಳಲು ನೆರವಾಗುವ ಈ ಬಗೆಯ ಸಾಮರ್ಥ್ಯವೇ ನಮ್ಮ ಕೀಟನಾಶಕಗಳನ್ನೂ ಸೋಲಿಸುತ್ತಿದೆ. ಪೈರೆಥ್ರಾಯ್ಡ್ ಜಾತಿಯ ಔಷಧಗಳನ್ನು ಸಿಂಪಡಿಸಿದ ಹೊಲಗಳಲ್ಲಿ, ಗಿಡ ಕರೆದ ಮಿತ್ರಜೀವಿಗಳು ಮೊದಲು ಸತ್ತು, ನುಸಿಯ ಹಾವಳಿ ಮೊದಲಿಗಿಂತ ಹೆಚ್ಚಾದ ನಿದರ್ಶನಗಳು ಅನೇಕ.

ಆದುದರಿಂದ ತಳಿ ಬೆಳೆಸುವ ವಿಜ್ಞಾನಿಗಳು ಇಳುವರಿಯೊಡನೆ ಗಿಡದ ಈ ಸ್ವಂತ ಶಕ್ತಿಯನ್ನೂ ಅಳೆದು ಉಳಿಸಬೇಕು. ರೈತರು ಪಂಪನ್ನು ಹೆಗಲಿಗೇರಿಸುವ ಮುನ್ನ ಭೂತಗನ್ನಡಿಯಲ್ಲಿ ಎಲೆಯ ಅಡಿಭಾಗವನ್ನು ಪರೀಕ್ಷಿಸಿ, ಅಲ್ಲಿ ನುಸಿಭಕ್ಷಕ ಜೀವಿಗಳು ಕಂಡುಬಂದರೆ ಸಿಂಪರಣೆಯನ್ನು ಕೆಲವು ದಿನ ತಡೆಯಬೇಕು.