ವಾಲ್ವು: ಹಳತೋ, ಹೊಸತೋ?

ಬೀದರದಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ ಹಳೆಯ ಮನೆಯ ಅಟ್ಟವನ್ನು ಹುಡುಕಿದರೆ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಒಂದು ದೊರೆತರೂ ದೊರೆತೀತು. 1950ರಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೊ ಆಕಾಶವಾಣಿಯಲ್ಲಿ ಸೇರಿದುದು, 1956ರಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಬಂದುದು, 1966ರಲ್ಲಿ ಕಲಬುರ್ಗಿಯ ನಿಲಯ ಆರಂಭವಾದುದು, ಎಲ್ಲವೂ ಇಂಥ ಪೆಟ್ಟಿಗೆಗಳ ಕಾಲದಲ್ಲಿಯೇ. ಹಿರಿಯರು ಕೇಳಿದ ಆ ರೇಡಿಯೊವನ್ನು ಮತ್ತೆ ಹಾಡಿಸಬೇಕೆಂಬ ಆಸೆ ಮನೆಯವರಿಗೆ ಹುಟ್ಟುವುದು ಸಹಜ. ಆಗ ಏಳುವ ಪ್ರಶ್ನೆ: ಅದಕ್ಕೆ ಹಳೆಯ ವಾಲ್ವೇ ಬೇಕೋ, ಹೊಸದಾದರೂ ಆದೀತೋ? ಹಳೆಯದರ ಇಂಪು ಹೊಸದಕ್ಕೆ ಬಾರದೆಂಬ ನಂಬಿಕೆ ಬಲವಾಗಿದೆ. ಆ ನಂಬಿಕೆಗೆ ತಕ್ಕಂತೆ ಬೆಲೆ ಏರಿಸುವವರೂ ಇದ್ದಾರೆ.

ವಾಲ್ವೆಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ಕ್ಯಾಥೋಡು ಕಾದಾಗ ಎಲೆಕ್ಟ್ರಾನುಗಳು ಹೊರಟು ಆನೋಡಿನತ್ತ ಹರಿಯುತ್ತವೆ. ನಡುವೆ ಇರುವ ಗ್ರಿಡ್ಡು ಕೆರೆಯ ತೂಬಿನಂತೆ. ಅದರ ಅಲ್ಪ ಚಲನೆಯಿಂದ ದೊಡ್ಡ ಪ್ರವಾಹ ಹೆಚ್ಚು ಕಡಮೆಯಾಗುತ್ತದೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಗ್ರಿಡ್ಡನ್ನು ಸೇರಿಸಿದುದರಿಂದಲೇ ಕ್ಷೀಣವಾದ ದನಿಯನ್ನು ಹಿಗ್ಗಿಸುವುದು ಸಾಧ್ಯವಾಯಿತು.

ಕ್ಯಾಥೋಡಿನ ಮೇಲೆ ಬೇರಿಯಂ ಮೊದಲಾದವುಗಳ ಆಕ್ಸೈಡಿನ ಲೇಪವಿರುತ್ತದೆ. ಬಳಸಿದಂತೆಲ್ಲ ಅದು ಸೊರಗುತ್ತದೆ. ಆದುದರಿಂದ ಹಳೆಯ ವಾಲ್ವೆಂಬ ಮಾತಿಗೆ ಎರಡು ಅರ್ಥ. ಬಳಸದೆ ಇಟ್ಟುದು ಇಂದಿಗೂ ಚೆನ್ನಾಗಿರಬಹುದು. ವರ್ಷಾನುಗಟ್ಟಲೆ ದುಡಿದುದು ಬಳಲಿರಬಹುದು. ಗಾಜಿನ ಒಳಮೈಯಲ್ಲಿ ಕಾಣುವ ಬೆಳ್ಳಿಯ ಬಣ್ಣದ ಕಲೆ ಬಿಳುಪೇರಿದ್ದರೆ ಒಳಗೆ ಗಾಳಿ ಹೊಕ್ಕಿದೆಯೆಂದು ತಿಳಿಯಬೇಕು. ಅಂಥದು ನಿಷ್ಪ್ರಯೋಜಕ.

ಹಳೆಯ ವಾಲ್ವುಗಳ ಕೀರ್ತಿಗೆ ಆಧಾರವಿಲ್ಲದೆ ಇಲ್ಲ. ಆಗ ಮಲ್ಲಾರ್ಡ್, ಫಿಲಿಪ್ಸ್‌ಗಳಂಥ ದೊಡ್ಡ ಕಾರ್ಖಾನೆಗಳು ಅಪಾರ ಸಂಖ್ಯೆಯಲ್ಲಿ ತಯಾರಿಸಿ, ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿದ್ದವು. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸಿತು. ಇಂದು ರಷ್ಯ, ಸ್ಲೊವಾಕಿಯ, ಚೀನಗಳ ಕೆಲವೇ ಕಾರ್ಖಾನೆಗಳು ಉಳಿದಿವೆ. ವಿದ್ಯುತ್ ಗಿಟಾರಿನವರು ಅವುಗಳ ಮುಖ್ಯ ಗಿರಾಕಿಗಳು. ಹೊಸ ವಾಲ್ವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಂಡುಬರುವುದುಂಟು. ಇ.ಸಿ.ಸಿ. 83ರಂತೆ ಮೊದಲ ಹಂತದಲ್ಲಿ ಕೆಲಸಮಾಡುವ ವಾಲ್ವಿನಲ್ಲಿ ಇದು ಗುಂಯ್‌ಗುಡುವಿಕೆಯಾಗಿಯೋ, ತಟ್ಟಿದರೆ ಮೊಳಗುವ ದೋಷವಾಗಿಯೋ ಕೇಳಿಸುತ್ತದೆ. ಆರಿಸಿ ಕೊಳ್ಳುವುದೇ ಇದಕ್ಕೆ ಪರಿಹಾರ.

ಆದರೆ ಇಂಪು? ವಾಲ್ವು ಮೂಲ ಸ್ವರದೊಡನೆ ಅದರ ಮೇಲಿನ ಸ್ಥಾಯಿಯ ಸ್ವರವನ್ನೂ ತುಸು ಬೆರೆಸುತ್ತದೆ. ಅದು ಕಿವಿಗೆ ಹಿತ. ಈ ಗುಣ ಹಳತಕ್ಕೂ ಉಂಟು, ಹೊಸತಕ್ಕೂ ಉಂಟು. ಸುಸ್ಥಿತಿಯಲ್ಲಿರುವ ಎರಡು ಇ.ಎಲ್. 84ಗಳ ಅಂತರಕ್ಕಿಂತ ಟ್ರಾನ್ಸ್‌ಫಾರ್ಮರು, ಸ್ಪೀಕರುಗಳ ಅಂತರವೇ ಬಹುಮಟ್ಟಿಗೆ ಹಿರಿದು. ಸಂದೇಹವಿರುವವರು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಗಟ್ಟಿತನದಲ್ಲಿ, ಯಾವುದು ಯಾವುದೆಂದು ಕೇಳುವವರಿಗೆ ತಿಳಿಸದೆ, ರಿಪೇರಿಯವನಿಂದ ವಾಲ್ವು ಬದಲಿಸಿ ಕೇಳಿ ನೋಡಬಹುದು. ಬೆಲೆ ತಿಳಿದ ಕಿವಿ ನಿಷ್ಪಕ್ಷಪಾತಿಯಲ್ಲ.

ದುಡ್ಡು ತೆರುವ ಮುನ್ನ ಹಳೆಯ ಕಂಡೆನ್ಸರುಗಳನ್ನು ಪರೀಕ್ಷಿಸುವುದು ಅಗತ್ಯ. ಅವು ಸೋರಿದರೆ ಗ್ರಿಡ್ಡಿಗೆ ಸಲ್ಲದ ವೋಲ್ಟೇಜು ಬಿದ್ದು, ಎಷ್ಟೇ ಬೆಲೆಯ ವಾಲ್ವಾದರೂ ಕೆಂಪಗೆ ಕಾದು ಕೆಡುತ್ತದೆ. ಒಳಗಿನ 250 ವೋಲ್ಟಿನಷ್ಟು ಒತ್ತಡ ಸ್ವಿಚ್ಚು ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಲ್ಲದು. ಆದಕಾರಣ ಪೆಟ್ಟಿಗೆ ಬಿಚ್ಚುವ ಕೆಲಸ ಬಲ್ಲವನಿಗೇ ಮೀಸಲು.

ಬೀದರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಿದ್ರಿ ಹೂಜಿಯನ್ನು ಕೊಳ್ಳುವಾಗ ಅವರು ಅದರ ವಯಸ್ಸನ್ನಷ್ಟೇ ಕೇಳುವುದಿಲ್ಲ. ಕರಿಯ ಮೈಯಲ್ಲಿ ಬೆಳ್ಳಿಯ ತಂತಿ ಸಡಿಲದೆ ಕುಳಿತಿದೆಯೇ ಎಂದು ತಿರುಗಿಸಿ ನೋಡುತ್ತಾರೆ. ವಾಲ್ವಿನ ವಿಷಯದಲ್ಲಿಯೂ ಅದೇ ನ್ಯಾಯ.