ವರುಣನ ಮುನಿಸೂ ಜಲಾಶಯದ ಹೂಳೂ

ತಿರುಳ್ಗನ್ನಡದ ನಾಡನ್ನು ಹೇಳುವಾಗ ‘ಕವಿರಾಜಮಾರ್ಗ’ವು ಕೋಪಣನಗರವನ್ನೂ ಹೆಸರಿಸಿದೆಯೆಂಬುದು ಕೊಪ್ಪಳದ ಕಡೆಯವರಾದ ನಮಗೆಲ್ಲ ಹೆಮ್ಮೆಯ ಸಂಗತಿ. ಅದೊಂದು ಅಲಂಕಾರಗ್ರಂಥವೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಅಲಂಕಾರವು ಕವಿಗಳ ಸೊತ್ತು, ನಮಗೇಕೆ ಎನ್ನುವವರು ಮಳೆಗಾಲದ ಯಾವುದಾದರೊಂದು ದಿನಪತ್ರಿಕೆಯನ್ನು ತೆರೆದು ನೋಡಬೇಕು. ಮಳೆ ಬಾರದಿದ್ದರೆ ‘ವರುಣನ ಮುನಿಸು’. ಅತಿಯಾಗಿ ಬಂದರೆ ‘ವರುಣನ ಆರ್ಭಟ’. ಬೇಸಗೆಯಲ್ಲಿ ‘ಸೂರ್ಯನ ಪ್ರತಾಪ’.

ಹಳ್ಳಿಯ ಮಕ್ಕಳು ಗುರ್ಜಿ ಹೊತ್ತು ಮಳೆರಾಯನನ್ನು ಕರೆದರೆ ನನ್ನ ತಕರಾರಿಲ್ಲ. ಅದು ಮೊರೆ. ಪತ್ರಿಕೆಯದಾದರೋ ವರದಿ, ವರದಿಯಲ್ಲಿ ಬಂದ ರೂಪಕವು ಮೆಲ್ಲಗೆ ಕಾರಣದ ಪೀಠವನ್ನೇರಿ ಕುಳಿತುಬಿಡುತ್ತದೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರವೇ ಸಾರಿತು. ಒಂದು ವರ್ಷದ ಬರವನ್ನು ಪೂರ್ತಿಯಾಗಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟಲಾಗದು, ನಿಜ. ಆದರೆ ಅದನ್ನು ಮುನಿಸೆಂದು ಕರೆದ ಮೇಲೆ ಕೇಳುವುದಾದರೂ ಏನು ಉಳಿಯಿತು? ಮುನಿಸು ಇಂದಲ್ಲ ನಾಳೆ ಇಳಿಯುವಂಥದು. 2024ರಲ್ಲಿ ತುಂಗಭದ್ರಾ ಜಲಾಶಯ ತುಂಬಿತು. ಮುನಿಸಿಳಿಯಿತೆಂದು ಸುಮ್ಮನಾಗಲು ಅಷ್ಟೇ ಸಾಕು.

ಹೊರಗಿನಿಂದ ತಂದ ರೂಪಕಗಳ ಪಾಡೂ ಹೆಚ್ಚು ಉತ್ತಮವಲ್ಲ. ನಮ್ಮಲ್ಲಿ ಹಸಿರೆಂದರೆ ಬೆಳೆ, ಸಮೃದ್ಧಿ, ಶುಭ. ‘ಹಸಿರುಮನೆ ಅನಿಲ’ವೆಂದು ಓದಿದ ರೈತನು ಅದೇನೋ ಒಳ್ಳೆಯದೇ ಇರಬೇಕೆಂದುಕೊಂಡರೆ ತಪ್ಪು ಅವನದಲ್ಲ. ಕಂಬಳಿಯೆಂದಿದ್ದರೆ ಕುರಿ ಕಾಯುವವನಿಗೂ ತಿಳಿಯುತ್ತಿತ್ತು: ಕಂಬಳಿ ತಾನಾಗಿ ಕಾವು ಹುಟ್ಟಿಸುವುದಿಲ್ಲ, ಇದ್ದ ಕಾವನ್ನು ಬೇಗ ಹೊರಹೋಗಗೊಡುವುದಿಲ್ಲ. ಇನ್ನು ಭೂಮಿ ‘ಕುದಿಯುತ್ತಿದೆ’ ಎಂಬುದು. ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿ ಗುಟೆರಸ್ಸರು 2023ರಲ್ಲಿ ಆಡಿದ ಮಾತು ಅದು. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಯುಗದ ಮುಂಚಿನದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಿತ್ತು. ಇದು ಚಿಕ್ಕದಲ್ಲ, ಆದರೆ ‘ಕುದಿ’ಯ ಪಕ್ಕದಲ್ಲಿ ಈ ಅಂಕಿಯನ್ನು ಕಂಡ ಓದುಗನು, ಒಂದೂವರೆ ಡಿಗ್ರಿಗೆ ಅನ್ನದ ಎಸರೂ ಕುದಿಯದಲ್ಲ ಎಂದು ನಕ್ಕು ಪುಟ ತಿರುವುತ್ತಾನೆ.

ಹಿಟ್ನಾಳದ ನಮಗೆ ರೂಪಕವನ್ನು ಹುಡುಕಿಕೊಂಡು ಬಹುದೂರ ಹೋಗುವ ಅಗತ್ಯವಿಲ್ಲ. ಮುನಿರಾಬಾದಿನ ಅಣೆಕಟ್ಟು ಇಲ್ಲೇ ಇದೆ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗವನ್ನು ಹೂಳು ನುಂಗಿದೆ. ಯಾವ ಒಂದು ವರ್ಷವೂ ಅದು ಸುದ್ದಿಯಾಗುವಷ್ಟು ಬರಲಿಲ್ಲ. ಬಂದದ್ದು ಹೋಗಲೂ ಇಲ್ಲ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡಿನ ಕಥೆಯೂ ಹೀಗೆಯೇ. ಕಲ್ಲಿದ್ದಲ ಯುಗದ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗವಿದ್ದದ್ದು 2024ರಲ್ಲಿ 420ನ್ನು ದಾಟಿತ್ತು. ಈ ವರ್ಷ ಹೊಗೆಯನ್ನು ತುಸು ಕಡಿಮೆ ಮಾಡಿದೆವೆಂದರೆ ಹೊಸ ಹೂಳು ತುಸು ಕಡಿಮೆಯಾಯಿತು, ಅಷ್ಟೆ. ಹಳೆಯದು ತಳದಲ್ಲಿ ಹಾಗೆಯೇ ಇದೆ.

ಹೂಳೆಂದ ಕೂಡಲೇ ಯಾವ ಹಳ್ಳದಿಂದ ಎಷ್ಟು ಬಂತೆಂದು ಕೇಳಬಹುದು. ಯುರೋಪು ಅಮೆರಿಕಗಳ ನೂರೈವತ್ತು ವರ್ಷಗಳ ಹಳೆಯ ಪಾಲೆಷ್ಟು, ಗಿಣಿಗೇರಿಯ ಸುತ್ತಣ ಕಬ್ಬಿಣದ ಕಾರ್ಖಾನೆಗಳು ಸುಡುವ ಕಲ್ಲಿದ್ದಲಿನದೆಷ್ಟು, ಮಳೆಯನ್ನೇ ನಂಬಿದ ಯಲಬುರ್ಗಾದ ರೈತನದೆಷ್ಟು? ವರುಣನ ಮುನಿಸಿಗೆ ಇಂಥ ಪ್ರಶ್ನೆ ಹಾಕಲು ಬರುವುದಿಲ್ಲ.

ಈ ರೂಪಕಕ್ಕೂ ಎಲ್ಲೆಯುಂಟು. ಹೂಳನ್ನು ಬಂಡಿಯಲ್ಲಿ ಹೇರಿ ಹೊಲಕ್ಕೆ ಹಾಕಿದರೆ ಬೆಳೆಗೆ ಒಳ್ಳೆಯದೇ ಆದೀತು. ಗಾಳಿಯೊಳಗಿನ ಇಂಗಾಲವನ್ನು ಹಾಗೆ ಹೇರಿ ಮುಗಿಸುವ ಬಂಡಿ ಇನ್ನೂ ಯಾರ ಬಳಿಯಲ್ಲೂ ಇಲ್ಲ. ನಾವು ಹೊರಬಿಟ್ಟದ್ದರಲ್ಲಿ ಅರ್ಧದಷ್ಟನ್ನು ಕಡಲೂ ಕಾಡೂ ನೆಲವೂ ಹೀರಿಕೊಳ್ಳುತ್ತಿವೆ. ಉಳಿದುದರಲ್ಲಿ ಬಹುಪಾಲು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಗಾಳಿಯಲ್ಲೇ ಇರುತ್ತದೆ.